ಕೋಟಿನೊಳಗಿನ ಚೆಂಬು

ಮಜ್ಜಿಗೆಗೆ ಬಂದು ಗಿಂಡಿ ಮುಚ್ಚಿಟ್ಟ ಹಾಗೆ ಎಂದು ಒಂದು ಗಾದೆ ಇದೆಯಲ್ಲ, ಅದನ್ನು ಮೊದಲು ಹೇಳಿದ ಪುಣ್ಯಾತ್ಮ ನನ್ನನ್ನು ಕಂಡಿರುವುದು ಸಾಧ್ಯವಿಲ್ಲ. ಗಾದೆ ನನಗಿಂತ ಹಳೆಯದು. ಆದರೂ ಅವನು ನನ್ನನ್ನೇ ನೋಡಿ ಹೇಳಿದ ಎಂಬ ಅನುಮಾನ ನನಗೆ ಇವತ್ತಿಗೂ ಹೋಗಿಲ್ಲ. ವ್ಯತ್ಯಾಸ ಇಷ್ಟೇ. ನನ್ನದು ಗಿಂಡಿಯಲ್ಲ, ಚೆಂಬು. ಮುಚ್ಚಿಟ್ಟದ್ದು ಕೋಟಿನೊಳಗೆ. ಕೇಳಿ ಪಡೆಯುವುದೂ ಒಂದು ವಿದ್ಯೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತುಮಕೂರಿನ ಪೇಟೆಬೀದಿಯಲ್ಲಿ ನಮ್ಮಪ್ಪನದು ದಿನಸಿ ಅಂಗಡಿ. ಪುಕ್ಕಟೆ ತಗೊಳ್ಳುವುದು, ಪುಕ್ಕಟೆ ಕೊಡುವುದು ಎರಡೂ ಅಂಗಡಿ ಮನೆಗೆ ಆಗಿಬರುವುದಿಲ್ಲ ಎನ್ನುವುದು ಅವರ ವೇದ. ಪಕ್ಕದ ಮನೆಯವರು ಒಂದು ಹಿಡಿ ಕರಿಬೇವು ಕೊಟ್ಟರೂ ನಮ್ಮಪ್ಪ ಅಷ್ಟೇ ತೂಕದ ಕೊತ್ತಂಬರಿ ಕಟ್ಟಿ ಕಳಿಸಿಯೇ ಊಟಕ್ಕೆ ಕೂರುತ್ತಿದ್ದರು.

ಇಂಥ ಮನೆಯಲ್ಲಿ ಬೆಳೆದ ನನ್ನನ್ನು ಹತ್ತಿ ವ್ಯಾಪಾರದ ನಮ್ಮ ಸಾಹುಕಾರರು ಯಲಬುರ್ಗಾಕ್ಕೆ ಕಳಿಸಿದರು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಎರೆಹೊಲದ ಹತ್ತಿಯನ್ನು ನೋಡಿ, ಕೊಂಡು, ಕೊಪ್ಪಳದ ಸ್ಟೇಷನ್ನಿಗೆ ಸಾಗಿಸುವುದು ನನ್ನ ಕೆಲಸ. ನಕ್ಷೆಯಲ್ಲಿ ನೋಡಿದರೆ ಅದೇನೂ ದೂರವಲ್ಲ, ಅಲ್ಲಿಯೂ ಕನ್ನಡವೇ. ಆದರೆ ನಮ್ಮದು ಮೈಸೂರು ಸೀಮೆ, ಅದು ನಿಜಾಮರ ರಾಜ್ಯ. ಕೊಪ್ಪಳದಲ್ಲಿ ರೈಲು ಇಳಿದ ಕೂಡಲೇ ಸುಂಕದ ನಾಕೆಯಲ್ಲಿ ನನ್ನ ಟ್ರಂಕು ಬಿಚ್ಚಿಸಿದರು. ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿಯ ಗಂಟನ್ನು ನಾಕೆದಾರ ಮೂಗಿಗೆ ಹಿಡಿದು ಏಳೆಂಟು ಸಲ ಸೀನಿ, ಕಣ್ಣೊರೆಸಿಕೊಳ್ಳುತ್ತಾ ಹೋಗಿ ಎಂದು ಕೈ ಮಾಡಿದ. ನಾಣ್ಯ ಬೇರೆ, ಅಳತೆಯ ಸೇರು ಬೇರೆ, ಕಚೇರಿ ಬೋರ್ಡಿನ ಅಕ್ಷರ ಬಲದಿಂದ ಎಡಕ್ಕೆ. ಹೊಸದಾಗಿ ಮದುವೆಯಾಗಿ ಜೊತೆಗೆ ಬಂದಿದ್ದ ನನ್ನ ಹೆಂಡತಿ ಪಾರ್ವತಿ ಮೆಲ್ಲಗೆ, "ರೀ, ಇದು ಪರದೇಶ ಅಲ್ವಾ?" ಎಂದಳು. ಛೆ, ನಮ್ಮ ಕನ್ನಡ ನಾಡೇ ಎಂದು ಧೈರ್ಯ ಹೇಳಿದೆ. ಸಂತೆಗೆ ಹೋಗಿ ಬಂದ ಮೇಲೆ ಆ ಧೈರ್ಯವೂ ಹೋಯಿತು.

ಸಂತೆಯಲ್ಲಿ ರಾಗಿ ಇಲ್ಲ. ರಾಗಿ ಕೇಳಿದರೆ, ಯಾರಿಗೆ ಹುಷಾರಿಲ್ಲ ಎಂದು ಕೇಳುತ್ತಾರೆ. ರಾಶಿ ರಾಶಿ ಬಿಳಿ ಜೋಳ. ನಾನು ಬುದ್ಧಿವಂತ, ಹಿಟ್ಟು ಹಿಟ್ಟೇ ತಾನೆ ಎಂದು ಜೋಳ ತಂದು ಬೀಸಿಸಿ ಮುದ್ದೆ ಮಾಡು ಎಂದೆ. ಮಾಡಿದಳು. ಆ ಮುದ್ದೆ ಗಂಟಲಿಗೆ ಇಳಿಯಲೂ ಇಲ್ಲ, ಕೈಯನ್ನು ಬಿಡಲೂ ಇಲ್ಲ. ಕೊಬ್ಬರಿ ಎಣ್ಣೆ ಕೇಳಿದರೆ ಕುಸುಬಿ ಎಣ್ಣೆ ಅಳೆದರು. ಹುಳಿಸೊಪ್ಪು ಎಂದರೆ ಪುಂಡಿಪಲ್ಯ ಕೊಟ್ಟರು. ಅದು ಬಹಳ ರುಚಿ ಎಂದು ಆಮೇಲೆ ಗೊತ್ತಾಯಿತು, ಅವತ್ತು ಮಾತ್ರ ಎಸೆದುಬಿಟ್ಟೆ. ಗಂಗಾವತಿ ಕಡೆಯಿಂದ ಅಕ್ಕಿ ಬರುತ್ತಿದ್ದದ್ದೊಂದು ನಮ್ಮ ಪುಣ್ಯ.

ಇಷ್ಟರಲ್ಲಿ ಪಾರ್ವತಿ ಬಸುರಿಯಾದಳು. ಸಂತೋಷವೇನೋ ಆಯಿತು, ಆದರೆ ಮೂರನೆಯ ತಿಂಗಳಿಗೆ ಅವಳ ಹೊಟ್ಟೆಯಲ್ಲಿ ಏನೂ ನಿಲ್ಲದಂತಾಯಿತು. ರೊಟ್ಟಿಯ ವಾಸನೆಗೆ ವಾಂತಿ, ಕುಸುಬಿ ಎಣ್ಣೆಯ ಒಗ್ಗರಣೆ ಬೀದಿಯ ಆಚೆ ಸಿಡಿದರೂ ವಾಂತಿ. ಕೆನ್ನೆ ಒಳಗೆ ಹೋಗಿ, ಬಳೆ ಮೊಣಕೈವರೆಗೆ ಜಾರತೊಡಗಿತು. ಒಂದು ದಿನ ಗೋಡೆಗೆ ಒರಗಿ ಕೂತು, "ಒಂದು ತುತ್ತು ಮಜ್ಜಿಗೆ ಅನ್ನ ಸಿಕ್ಕಿದ್ರೆ ಬದುಕ್ತೀನಿ," ಎಂದಳು. ಹಾಸ್ಯಕ್ಕೆ ಹೇಳಿದ ಮಾತಾಗಿರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು.

ಮಜ್ಜಿಗೆ ತಾನೆ, ಕೊಂಡು ತಂದರಾಯಿತು! ತುಮಕೂರಿನಲ್ಲಿ ಬೆಳಗಾದರೆ ಮಜ್ಜಿಗೆಯವಳು ಗಡಿಗೆ ಹೊತ್ತು ಬಾಗಿಲಿಗೇ ಬರುತ್ತಿದ್ದಳು. ಇಲ್ಲಿ ಸಂತೆಯಲ್ಲಿ ಬೆಣ್ಣೆ ಇದೆ, ತುಪ್ಪ ಇದೆ, ಮಜ್ಜಿಗೆ ಇಲ್ಲ. ಹೋಟೆಲಿನವನ ಕೈಕಾಲು ಹಿಡಿದು ಪಾವು ಹಾಲು ತಂದೆ. ಹೆಪ್ಪು ಹಾಕಲು ಮಜ್ಜಿಗೆ ಬೇಕು ಎಂಬುದು ಹಾಲು ಕಾಯಿಸಿದ ಮೇಲೆ ನೆನಪಾಯಿತು. ಸರಿ, ಜೇಬಿನಲ್ಲಿ ಚಿಲ್ಲರೆ ಝಣಝಣ ಅನ್ನಿಸುತ್ತಾ, ಅಂಗಳದಲ್ಲಿ ಎಮ್ಮೆ ಕಂಡ ಮನೆಗೆಲ್ಲ ಹೋಗಿ ಎಷ್ಟು ಕಾಸಿಗೆ ಎಷ್ಟು ಮಜ್ಜಿಗೆ ಕೊಡುತ್ತೀರಿ ಎಂದು ಕೇಳಿದೆ. ಮೊದಲ ಮನೆಯ ಹೆಂಗಸು ಬಾಯಿಗೆ ಸೆರಗು ಹಿಡಿದು ಒಳಗೆ ಹೋದಳು. ಎರಡನೆಯ ಮನೆಯ ಮುದುಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮಜ್ಜಿಗಿ ಮಾರತಾರೇನ್ರೀ?" ಎಂದ. ಮಗುವನ್ನು ಮಾರುತ್ತೀಯಾ ಎಂದು ಕೇಳಿದ್ದರೂ ಅವನ ಮುಖ ಅಷ್ಟು ಸಣ್ಣದಾಗುತ್ತಿರಲಿಲ್ಲವೇನೋ. ಇವರಿಗೆ ಹೊರಗಿನವರೆಂದರೆ ಆಗುವುದಿಲ್ಲ, ಮೈಸೂರಿನವನು ಸತ್ತರೂ ಇವರಿಗೆ ಚಿಂತೆಯಿಲ್ಲ ಎಂದು ಬೈದುಕೊಳ್ಳುತ್ತಾ ಕಿರಾಣಿ ಅಂಗಡಿಯ ಖಾದರ್ ಸಾಹೇಬರ ಮುಂದೆ ಹೋಗಿ ನಿಂತೆ.

ಖಾದರ್ ಸಾಹೇಬರು ಬೆಲ್ಲ ಒಡೆಯುತ್ತಿದ್ದವರು ಕಲ್ಲು ಕೆಳಗಿಟ್ಟು ನಗುವಷ್ಟು ನಕ್ಕರು. ಆಮೇಲೆ ಸಮಾಧಾನವಾಗಿ ತಿಳಿಸಿ ಹೇಳಿದರು. ಈ ಕಡೆ ಒಕ್ಕಲಿಗರ ಮನೆಯಲ್ಲಿ ಮಜ್ಜಿಗೆ ಮಾರುವುದು ಪಾಪ, ಮಾರಿದರೆ ಎಮ್ಮೆ ಬತ್ತುತ್ತದೆ ಎಂದು ನಂಬಿಕೆ. ಕೇಳಿದವರಿಗೆ ಇಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಪಾಪ. "ನಿಮ್ಮ ಮನಿಯಿಂದ ಮೂರನೇ ಮನಿ ಗೌರವ್ವಂದು. ಎರಡು ಎಮ್ಮಿ ಅದಾವ. ರೊಕ್ಕ ಮನ್ಯಾಗ ಇಟ್ಟು ತಂಬಿಗಿ ಒಯ್ರಿ, ಮಜ್ಜಿಗಿ ಹಾಕ್ರಿ ಅನ್ರಿ. ಇಷ್ಟ ಐತಿ."

ಇಷ್ಟೇ! ಹೇಳುವವರಿಗೇನು? ತಂಬಿಗೆ ಹಿಡಿದು ಇನ್ನೊಬ್ಬರ ಬಾಗಿಲಲ್ಲಿ ನಿಲ್ಲುವುದೆಂದರೆ ನನ್ನ ಪಾಲಿಗೆ ಭಿಕ್ಷೆ. ನಮ್ಮಪ್ಪ ತುಮಕೂರಿನಿಂದಲೇ ನೋಡುತ್ತಿದ್ದಾರೆ ಎನ್ನಿಸಿತು. ಮನೆಗೆ ಬಂದು ಕನ್ನಡಿಯ ಮುಂದೆ "ಮಜ್ಜಿಗಿ ಹಾಕ್ರಿ" ಎಂದು ಹತ್ತು ಸಲ ಅಭ್ಯಾಸ ಮಾಡಿದೆ. ಯಾರ ಕಣ್ಣಿಗೂ ಬೀಳಬಾರದೆಂದು ದೀಪ ಹಚ್ಚುವ ಹೊತ್ತಿನವರೆಗೆ ಕಾದು, ಚೆಂಬನ್ನು ಕೋಟಿನೊಳಗೆ ಇಟ್ಟು ಗುಂಡಿ ಹಾಕಿಕೊಂಡು ಹೊರಟೆ. ಗೌರವ್ವ ಐವತ್ತು ದಾಟಿದ ದಪ್ಪ ಹೆಂಗಸು. ಗಂಡ, ಮಕ್ಕಳು ಹೊಲದಿಂದ ಇನ್ನೂ ಬಂದಿರಲಿಲ್ಲ. ಕಟ್ಟೆಯ ಮೇಲೆ ಕೂರಿಸಿ ಬೆಲ್ಲ ನೀರು ಕೊಟ್ಟರು. ನಾನು ಹತ್ತಿಯ ಬೆಳೆ ಹೇಗಿದೆ ಎಂದೆ. ಹಿಂಗಾರಿ ಮಳೆಯ ಬಗ್ಗೆ ಮಾತಾಡಿದೆ. ಎಮ್ಮೆಗಳ ಆರೋಗ್ಯ ವಿಚಾರಿಸಿದೆ. ಕನ್ನಡಿಯ ಮುಂದೆ ಅಷ್ಟು ಸಲೀಸಾಗಿ ಬಂದ ಎರಡು ಮಾತು ಮಾತ್ರ ಹೊರಗೆ ಬರಲಿಲ್ಲ. ಅರ್ಧ ಗಂಟೆ ಕೂತು, ಹೊಟ್ಟೆಯ ಮೇಲೊಂದು ಹೊಟ್ಟೆ ಹೊತ್ತುಕೊಂಡು ಎದ್ದೆ. ಮೆಟ್ಟಿಲು ಇಳಿಯುವಾಗ ಗೌರವ್ವ ಹಿಂದಿನಿಂದ ಹೇಳಿದರು:

"ದೀಪ ಹಚ್ಚಿದ ಮ್ಯಾಲ ಹೈನ ಹೊರಗ ಕೊಡಾಂಗಿಲ್ರಿ. ಮುಂಜಾನಿ ಬರ್ರಿ. ಕೋಟಿನ್ಯಾಗ ಇರೋದನ್ನ ಹೊರಗ ಹಿಡ್ಕೊಂಡು ಬರ್ರಿ."

ಮುಂಜಾನೆ ಹೋದೆ. ಕೇಳುವ ಮೊದಲೇ ಚೆಂಬು ತುಂಬಿಸಿ, ಮೇಲೊಂದು ನಿಂಬೆ ಗಾತ್ರದ ಬೆಣ್ಣೆ ತೇಲಿಬಿಟ್ಟರು. ಪಾರ್ವತಿ ಅವತ್ತು ಮಜ್ಜಿಗೆ ಅನ್ನ ಉಂಡಳು. ವಾಂತಿಯಾಗಲಿಲ್ಲ. ಮಧ್ಯಾಹ್ನ ಮತ್ತೆ ಉಂಡಳು. ನಾನು ಎದುರಿಗೆ ಕೂತು ಅವಳ ಒಂದೊಂದು ತುತ್ತನ್ನೂ ನೋಡಿದೆ. ಅಷ್ಟು ಸುಖವನ್ನು ನನಗೆ ಆಮೇಲೆ ಯಾವ ಹಬ್ಬದ ಊಟವೂ ಕೊಟ್ಟಿಲ್ಲ.

ಹತ್ತು ಹನ್ನೆರಡು ದಿನ ಹೀಗೆ ನಡೆಯಿತು. ನಾನು ಸುಮ್ಮನಿರಬಾರದೆ? ಅಂಗಡಿಯವನ ರಕ್ತ ಸುಮ್ಮನಿರಲು ಬಿಡಲಿಲ್ಲ. ದಿನಾ ಪುಕ್ಕಟೆ, ದಿನಾ ಪುಕ್ಕಟೆ ಎಂದು ರಾತ್ರಿ ಹೊರಳಾಡಿ, ಒಂದು ದಿನ ಬೆಳಗಿದ ಚೆಂಬಿನ ತಳದಲ್ಲಿ ನಾಲ್ಕು ಕಾಸು ಹಾಕಿ ಅವರ ಪಡಸಾಲೆಯಲ್ಲಿಟ್ಟು ಓಡಿಬಂದೆ. ಸ್ವಲ್ಪ ಹೊತ್ತಿಗೆ ಗೌರವ್ವ ನಮ್ಮ ಮನೆಗೆ ಬಂದರು. ಒಂದು ಕೈಯಲ್ಲಿ ತುಂಬಿದ ಚೆಂಬು, ಇನ್ನೊಂದು ಕೈಯಲ್ಲಿ ಆ ಕಾಸು. ಎರಡನ್ನೂ ಹೊಸ್ತಿಲ ಮೇಲಿಟ್ಟು ಹೊರಟುಹೋದರು. ಬೈದಿದ್ದರೆ ಬದುಕುತ್ತಿದ್ದೆ.

ಮರುದಿನ ನನಗೆ ಹೋಗಲು ಮುಖವಿಲ್ಲ. ಪಾರ್ವತಿ ಕೇಳಿದಳು. ಎಮ್ಮೆ ಬತ್ತಿದೆಯಂತೆ ಎಂದೆ. ನೋಡಿ, ಆ ಪುಣ್ಯಾತ್ಗಿತ್ತಿಯ ಎಮ್ಮೆಗೆ ನನ್ನ ಬಾಯಲ್ಲಿ ಎಂಥ ಮಾತು ಬಂತು! ಮೂರು ದಿನ ಕಳೆಯಿತು. ವಾಂತಿ ಮತ್ತೆ ಶುರುವಾಯಿತು. ಮೂರನೆಯ ದಿನ ಅವಳಿಗೆ ಏಳುವುದಕ್ಕೂ ಆಗಲಿಲ್ಲ. ಮಲಗಿದ್ದಲ್ಲಿಂದಲೇ, "ರೀ, ಬತ್ತಿರೋದು ಎಮ್ಮೆಯೋ, ನಿಮ್ಮ ಮುಖವೋ? ಗೌರವ್ವನ ಮನೇಲಿ ಬೆಳಿಗ್ಗೆ ಮಜ್ಜಿಗೆ ಕಡೆಯೋ ಸದ್ದು ನನಗೆ ಇಲ್ಲಿಗೇ ಕೇಳುತ್ತೆ," ಎಂದಳು.

ಕೋಟು ಹಾಕಲಿಲ್ಲ. ಖಾಲಿ ಚೆಂಬನ್ನು ಕೈಯಲ್ಲಿ ಹಿಡಿದು, ಹಾಡುಹಗಲು, ಕಟ್ಟೆಯ ಮೇಲೆ ಕೂತ ಐದಾರು ಜನರ ಎದುರಿಗೇ ನಡೆದು ಹೋದೆ. ಮೂರು ಮನೆಯ ದೂರ ಮೂರು ಹರಿದಾರಿಯಾಯಿತು. ಬಾಗಿಲಲ್ಲಿ ನಿಂತು, ಊರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, ಅವ್ವಾ, ಮಜ್ಜಿಗಿ ಹಾಕ್ರಿ ಎಂದೆ. ತಪ್ಪಾಯಿತು ಎಂದೂ ಸೇರಿಸಬೇಕೆಂದಿದ್ದೆ. ಅಷ್ಟರಲ್ಲಿ ಗೌರವ್ವ ಗಡಿಗೆಯೊಂದಿಗೆ ಬಂದರು. ಅಲ್ಲಿಯವರೆಗೆ ನನ್ನನ್ನು ರೀ ಎಂದು ಕರೆಯುತ್ತಿದ್ದವರು ಅವತ್ತು ಹೇಳಿದರು:

"ತಮ್ಮಾ, ನಿನ್ನ ರೊಕ್ಕ ತಗೊಂಡ್ರ ನಾಳಿಂದ ಯಾರರೆ ಆಳಿನ ಕಳಸ್ತಿ. ನೀ ದಿನಾ ಬಂದ್ರ ಆ ಹುಡುಗಿ ಹೆಂಗದಾಳ ಅಂತ ನನಗ ತಿಳೀತೈತಿ. ಅಕಿ ಅವ್ವ ಇಲ್ಲಿಲ್ಲ. ಮೂರು ದಿನ ಆತು, ಹೇಳ, ಉಂಡಾಳೋ ಇಲ್ಲೋ?"

ನಾನು ಅತ್ತೆ. ಹೇಳಿಬಿಡುತ್ತೇನೆ, ನಾಚಿಕೆಯೇನು? ಖಾಲಿ ಚೆಂಬು ಹಿಡಿದು ಬೀದಿಯಲ್ಲಿ ಅತ್ತವನಿಗೆ ಬರೆಯುವಾಗ ಎಲ್ಲಿಯ ನಾಚಿಕೆ? ಕಟ್ಟೆಯ ಮೇಲಿನವರು ಅಳು ನೋಡದ ಹಾಗೆ ಬೇರೆ ಕಡೆ ತಿರುಗಿ ಮಳೆಯ ವಿಚಾರ ಮಾತಾಡಿದರು. ಅದೂ ಅವರು ನನಗೆ ಪುಕ್ಕಟೆ ಕೊಟ್ಟದ್ದೇ.

ಪಾರ್ವತಿ ಚೇತರಿಸಿಕೊಂಡಳು. ಏಳನೆಯ ತಿಂಗಳಲ್ಲಿ ತವರಿಗೆ ಹೊರಟಾಗ, ದಾರಿಗೆಂದು ಗೌರವ್ವ ಒಂದು ಗಡಿಗೆ ಮಜ್ಜಿಗೆ ಬಾಯಿಗೆ ಬಟ್ಟೆ ಕಟ್ಟಿ ಕೊಟ್ಟರು. ಕೊಪ್ಪಳದ ನಾಕೆಯಲ್ಲಿ ಅದೇ ಸೀನಿನ ನಾಕೆದಾರ. ಗಡಿಗೆ ನೋಡಿ, ಇದರ ಕಿಮ್ಮತ್ತು ಎಷ್ಟು ಎಂದ. "ಮಜ್ಜಿಗಿ ಮಾರತಾರೇನ್ರೀ?" ಎಂದೆ. ಸುಂಕ ಹಾಕಲು ಅವನಿಗೆ ದಾರಿ ಕಾಣಲಿಲ್ಲ. ಮಗಳು ಸುಖವಾಗಿ ಹುಟ್ಟಿದಳು. ಗೌರಿ ಎಂದು ಹೆಸರಿಟ್ಟೆವು. ಯಲಬುರ್ಗಾದ ಆ ಬೀದಿಯ ಋಣ ತೀರಿಸಲಾರೆ. ತೀರಿಸಲು ಹೋಗಿ ಒಮ್ಮೆ ಪೆಟ್ಟು ತಿಂದಿದ್ದೇನೆ, ಇನ್ನು ಆ ಪ್ರಯತ್ನವೂ ಇಲ್ಲ.

ಈಗ ತುಮಕೂರಿಗೇ ಬಂದು ನೆಲೆಸಿ ಒಂದು ಎಮ್ಮೆ ಕಟ್ಟಿದ್ದೇನೆ. ಮಜ್ಜಿಗೆ ಬೇಕಾದವರು ಬಂದು ಒಯ್ಯಿರಿ ಎಂದು ಬೀದಿಗೆಲ್ಲ ಹೇಳಿದೆ. ಯಾರೂ ಬರಲಿಲ್ಲ. ಮುನಿಸಿಪಾಲಿಟಿ ಚುನಾವಣೆಗೆ ನಿಲ್ಲುತ್ತಾನೆ ಎಂದು ಕೆಲವರು, ಎಮ್ಮೆಗೆ ಏನೋ ರೋಗವಿರಬೇಕು ಎಂದು ಕೆಲವರು ಅಂದುಕೊಂಡರಂತೆ. ನಮ್ಮಪ್ಪ ನನ್ನೊಂದಿಗೆ ಮಾತು ಬಿಟ್ಟು ಒಂದು ವಾರವಾಗಿತ್ತು. ಕೊನೆಗೆ ಮೊನ್ನೆ ಸಂಜೆ, ಎದುರು ಮನೆಗೆ ಹೊಸದಾಗಿ ಬಂದ ಮೇಷ್ಟರು ಬಂದರು. ಅವರ ಹೆಂಡತಿ ಬಸುರಿ ಎಂದು ಗೊತ್ತಿತ್ತು. ಸೆಕೆಗಾಲದಲ್ಲಿ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದರು, ಹೊಟ್ಟೆ ಒಂದು ಪಕ್ಕಕ್ಕೆ ಉಬ್ಬಿತ್ತು. ಗೌರವ್ವನಾಗಿದ್ದರೆ ಒಂದು ಮಾತಿನಲ್ಲಿ ಅವರ ಕಷ್ಟ ಬಿಡಿಸುತ್ತಿದ್ದರು. ನಾನು ಇನ್ನೂ ಅಷ್ಟು ದೊಡ್ಡವನಾಗಿಲ್ಲ. ಕೂರಿಸಿ, ಬೆಲ್ಲ ನೀರು ಕೊಟ್ಟು, ಈ ಸಲ ಮಳೆ ಹೇಗೆ ಮೇಷ್ಟ್ರೇ ಎಂದು ಅರ್ಧ ಗಂಟೆ ಮಾತಾಡಿಸಿದೆ.