ಲೆಕ್ಕಕ್ಕಿಲ್ಲದ ಹತ್ತನೆಯ ಸಿನಿಮಾ

ಗೂಢಚಾರ ಚಕ್ರಧರನ ಸಿನಿಮಾಗಳು ಒಟ್ಟು ಒಂಬತ್ತು. ಹತ್ತು ಎನ್ನುವವರ ಜೊತೆ ನಾನು ಊಟಕ್ಕೂ ಕೂರುವವನಲ್ಲ. ನನ್ನ ಮದುವೆಗೂ ಮುಂಚೆ, ಮೂಲ ಕಂಪನಿಯ ಜೊತೆ ಜಗಳವಾಡಿ ಹೊರಬಿದ್ದವರು ಯಾರೋ ಅದೇ ನಟನನ್ನು ಹಿಡಿದುಕೊಂಡು ನಮ್ಮ ವಿಜಯಪುರದ ಪಕ್ಕದ ಟಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಇನ್ನೊಂದನ್ನು ತೆಗೆದರು. ಅನಧಿಕೃತ ಸಂತಾನ. ಅದರ ಮುಖವನ್ನೇ ನಾನು ನೋಡಿರಲಿಲ್ಲ.

(ದುರದೃಷ್ಟವಶಾತ್ ನನ್ನ ಹೆಂಡತಿಯ ತವರೂ ಟಿಕೋಟಾವೇ.)

ಕಳೆದ ಭಾನುವಾರ ಅಲ್ಲಿ ಊಟ ಮುಗಿಯುತ್ತಲೇ ಭಾಮೈದ ಶಾಹಿದ, "ದುಲ್ಹಾಭಾಯಿ, ನಮ್ಮೂರ ಸಿನಿಮಾ ಯೂಟ್ಯೂಬಿಗೆ ಬಂದೈತಿ. ಟೀವಿಗೆ ಹಚ್ಚಲೇನ್ರಿ?" ಎಂದ.

"ಹಚ್ಚು. ಆದ್ರ ಅದು ಲೆಕ್ಕಕ್ಕಿಲ್ಲ. ಅದರಾಗ ಏನ ನಡದಿದ್ರೂ ನಡದಿಲ್ಲ ಅಂತನ ತಿಳ್ಕೊಬೇಕು," ಎಂದು ತೀರ್ಪು ಕೊಟ್ಟೆ.

"ಅದ ಹೀರೋ, ಅದ ಹೆಸರು. ಯಾಕ ಲೆಕ್ಕಕ್ಕಿಲ್ರಿ?" ಎಂದಳು ಹೆಂಡತಿ ಮುಮತಾಜ.

"ಕಂಪನಿ ಬ್ಯಾರೆ."

"ನೀವು ನಿಮ್ಮ ಅಂಗಡಿ ಹಳೇ ಜಾಗಾ ಬಿಟ್ಟು ಸೊಲ್ಲಾಪುರ ರಸ್ತೆಗೆ ಒಯ್ದ್ರಿ. ಹಂಗಂತ ನಾ ನಿಮಗ ಬ್ಯಾರೆ ಗಂಡ ಅಂದೆನೇನು?"

ಅರ್ಧ ಸಿನಿಮಾ ಆಗಿರಬೇಕು. ಚಕ್ರಧರ ಬೈಕ್ ಏರಿ ದ್ರಾಕ್ಷಿ ಚಪ್ಪರಗಳ ನಡುವೆ ಧೂಳೆಬ್ಬಿಸಿದ. ಹಿಂದೆ ಹಳದಿ ದುಪಟ್ಟಾದ ಹುಡುಗಿಯೊಬ್ಬಳು ಅವನ ಸೊಂಟ ತಬ್ಬಿ ಕುಳಿತಿದ್ದಳು. ತಿರುವಿನಲ್ಲಿ ಆಕೆ ಒಮ್ಮೆ ಹೊರಳಿ ನೋಡಿ ನಕ್ಕಳು.

ಕೈಯಲ್ಲಿದ್ದ ಚಹಾ ನನ್ನ ಡೊಳ್ಳುಹೊಟ್ಟೆಯ ಮೇಲಿಂದ ಪೈಜಾಮಕ್ಕೆ ಸುರಿಯಿತು. ಸುಟ್ಟದ್ದೂ ತಿಳಿಯಲಿಲ್ಲ. ಆ ಹುಡುಗಿ ನನ್ನ ಪಕ್ಕದಲ್ಲೇ ಕುಳಿತು ಶೇಂಗಾ ಸುಲಿಯುತ್ತಿದ್ದಳು.

"ಅವತ್ತ ಹೀರೋಯಿನ್‌ಗ ಆರಾಮಿರಲಿಲ್ಲ," ಎಂದಳು ಮುಮತಾಜ, ಸಿಪ್ಪೆ ಊದುತ್ತ. "ಆಕಿ ಬಟ್ಟಿ ನನಗ ಬರೋಬ್ಬರಿ ಕುಂತು."

ಅತ್ತೆ ರಾಜಬಿ ಸೆರಗನ್ನು ಬಾಯಿಗೆ ಒತ್ತಿಕೊಂಡು, "ನಿಮಗ ಹೇಳಿದ್ರ ಲಗ್ನ ಮುರೀತೈತಿ ಅಂತ ಅಂಜಿದ್ವಿ, ಯಪ್ಪಾ," ಎಂದರು.

"ಮಂದಿ ಗಂಡಸಿನ ಸೊಂಟ ಹಿಡದು..." ಎಂದು ಟೀವಿಯತ್ತ ಕೈ ಮಾಡಿದೆ.

"ನಡದೇ ಇಲ್ಲ ಅಂತ ಈಗರ ಅಂದ್ರಲ್ರಿ," ಎಂದ ಶಾಹಿದ.

ಮನೆಯೆಲ್ಲ ನಕ್ಕಿತು. ನಾನು ಮಾತ್ರ ಟೀವಿಯನ್ನೇ ನೋಡುತ್ತಿದ್ದೆ. ನಮ್ಮ ಮದುವೆಯ ಯಾವ ಫೋಟೋದಲ್ಲೂ ಅವಳು ಹಾಗೆ ನಕ್ಕಿಲ್ಲ. ಸಿಟ್ಟು ಎಲ್ಲಿ ಹೋಯಿತೋ, ಚಕ್ರಧರನ ಮೇಲೆ ಹೊಟ್ಟೆಕಿಚ್ಚು ಶುರುವಾಯಿತು.

ಸಂಜೆ ವಿಜಯಪುರಕ್ಕೆ ಹೊರಟಾಗ ಸ್ಕೂಟರ್ ಚಾಲೂ ಮಾಡಿ, ಯಾರಿಗೂ ಕೇಳಿಸದಂತೆ, "ಬೇಕಾದ್ರ ಸೊಂಟ ಹಿಡ್ಕೊ," ಎಂದೆ.

ಮುಮತಾಜ ಆ ಕಡೆಯಿಂದಲೂ ಈ ಕಡೆಯಿಂದಲೂ ನನ್ನನ್ನು ಬಗ್ಗಿ ನೋಡಿದಳು.

"ಎಲ್ಲೈತ್ರಿ ಅದು?" ಎಂದು ಕೇಳಿ, ಸೀಟಿನ ಹಿಂದಿನ ಕಂಬಿ ಹಿಡಿದು ಕುಳಿತಳು.