ಎರಡು ಹೆಸರಿಟ್ಟುಕೊಂಡ ಮೂಲಪುರುಷರಿಗೆ

ಮಾನ್ಯ ಮಾತ್ಯುರಾಂ ಗಿಲ್ಬೋ ಉರುಫ್ ಸಾಂಸೂಸಿಯವರ ಸನ್ನಿಧಾನಕ್ಕೆ,
ಸ್ವರ್ಗ, ಇಲ್ಲವೇ ತಮಗೆ ಒದಗಿದ ಜಾಗ.

ಮಾನ್ಯರೇ,

ಫ್ರಾನ್ಸಿನಿಂದ ಸಿಪಾಯಿಯಾಗಿ ಹಡಗೇರಿ ಬಂದು, ಕ್ವಿಬೆಕ್‌ನ ಈ ನದೀತೀರದ ಕಾಡು ಕಡಿದು, ಹದಿನಾಲ್ಕು ಮಕ್ಕಳನ್ನು ಪಡೆದು, ಗಂಡೆಲ್ಲಕ್ಕೂ ಜೋಸೆಫ್, ಹೆಣ್ಣೆಲ್ಲಕ್ಕೂ ಮರೀ ಎಂದು ಮೊದಲ ಹೆಸರಿಟ್ಟು ದಾಖಲೆ ಓದುವ ನಮ್ಮ ಕಣ್ಣು ಮಂಜಾಗಿಸಿದ ತಮ್ಮ ಸಾಹಸಕ್ಕೆ, ಹತ್ತನೆಯ ತಲೆಮಾರಿನ ಓದಿಲ್ ಎಂಬ ನಾನು ಮೊದಲಿಗೆ ತಲೆಬಾಗುತ್ತೇನೆ.

ನನ್ನ ದೂರು ತಮ್ಮ ಎರಡನೆಯ ಹೆಸರಿನದು. ಪಾಳೆಯದ ಗೆಳೆಯರು ಪ್ರೀತಿಯಿಂದ ಇಟ್ಟ ಸಾಂಸೂಸಿ, ಅಂದರೆ ನಿಶ್ಚಿಂತ, ಎಂಬ ಅಡ್ಡಹೆಸರನ್ನು ತಾವು ಪಾಳೆಯದಲ್ಲೇ ಬಿಟ್ಟು ಬರಬಹುದಿತ್ತು. ಆದರೆ ತಾವು ಅದನ್ನು ಊರಿಗೆ ತಂದಿರಿ; ಹಿರಿಯ ಮಗ ಗಿಲ್ಬೋ ಆದ, ಕಿರಿಯವನು ಸಾಂಸೂಸಿ ಆದ, ಮೊಮ್ಮಕ್ಕಳ ಕಾಲಕ್ಕೆ ಇಬ್ಬರೂ ಒಂದೇ ಮನೆಯವರೆಂಬುದೇ ಊರಿಗೆ ಮರೆತುಹೋಯಿತು. ಆಮೇಲೆ ಚರ್ಚಿನೊಳಗಿನ ಮುಂದಿನ ಸಾಲಿನ ಬೆಂಚಿಗಾಗಿ ಶುರುವಾದ ಜಗಳ ನನ್ನ ಅಪ್ಪ ಲೆಯೊನಿದಾಸರ ಕಾಲದವರೆಗೂ ಚೆನ್ನಾಗಿ ಬಾಳಿತು.

ಹೀಗಿರುವಾಗ, ಬೇಕರಿ ನಡೆಸುವ ವಿಧವೆಯಾದ ನಾನು, ಮೇಪಲ್ ಮರದ ರಸದಿಂದ ಪಾಕ ಕಾಯಿಸುವ ರೋಜೇರ್ ಸಾಂಸೂಸಿಯನ್ನು ಐವತ್ತೆಂಟನೆಯ ವಯಸ್ಸಿನಲ್ಲಿ ಮೆಚ್ಚಿದೆ. ಮಗಳು ಆ ಬೇಜವಾಬ್ದಾರಿ ಹೆಸರನ್ನು ಹಚ್ಚಿಕೊಳ್ಳುವುದನ್ನು ನೋಡಲಾರೆ ಎಂದರು ಅಪ್ಪ. ಮದುವೆಯಾದರೂ ಹೆಂಗಸಿಗೆ ತವರಿನ ಹೆಸರೇ ಉಳಿಯಬೇಕೆಂದು ಇಲ್ಲಿಯ ಕಾನೂನಿದೆ ಎಂದು ತಿಳಿಸಿದೆ.

"ಸರ್ಕಾರಕ್ಕಾದ್ರೂ ಬುದ್ಧಿ ಇದೆಯಲ್ಲ," ಎಂದರು. "ಮದುವೆಗೆ ಮಾತ್ರ ನಾನು ಬರಲ್ಲ."

ಅಪ್ಪನಿಲ್ಲದೆ ಚರ್ಚಿನ ಬಾಗಿಲು ದಾಟಲು ನನಗೆ ಮನಸ್ಸಿರಲಿಲ್ಲ. ಹಿಂದೆ ಯಾರಾದರೂ ಮರ್ಯಾದಸ್ಥ ಗಿಲ್ಬೋ ಹೆಣ್ಣು ಸಾಂಸೂಸಿಯನ್ನು ಮದುವೆಯಾಗಿದ್ದರೆ ಅವಳನ್ನು ತೋರಿಸಿ ಅಪ್ಪನ ಬಾಯಿ ಮುಚ್ಚಿಸೋಣವೆಂದು ಚಳಿಗಾಲವಿಡೀ ಚರ್ಚಿನ ಹಳೆಯ ದಾಖಲೆಗಳನ್ನು ಕೆದಕಿದೆ. ಅಂಥವಳು ಸಿಗಲಿಲ್ಲ, ತಾವು ಸಿಕ್ಕಿರಿ, ಎರಡು ಹೆಸರನ್ನೂ ಹೊತ್ತುಕೊಂಡು.

ಮದುವೆಯಾಗಬೇಕಾದವನು ದಾಯಾದಿಯಾಗಿಬಿಟ್ಟನಲ್ಲ ಎಂದು ಪಾದ್ರಿಯ ಬಳಿ ಓಡಿದೆ. ಅವರು ನಕ್ಕು, "ಹಾಗೆ ನೋಡ್ತಾ ಕೂತ್ರೆ ಈ ನದಿ ದಂಡೇಲಿ ಯಾರಿಗೂ ಮದುವೆನೇ ಆಗಲ್ಲ ಕಣಮ್ಮ ಓದಿಲ್," ಎಂದರು.

ಭಾನುವಾರ ಊಟದ ಮೇಜಿನಲ್ಲಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಬಟಾಣಿ ಸಾರಿನಲ್ಲಿ ಚಮಚ ಆಡಿಸಿ, ಬಟ್ಟಲನ್ನು ಆಚೆ ತಳ್ಳಿದರು. ಇನ್ನು ಎದ್ದು ಹೋಗುತ್ತಾರೆ ಎಂದುಕೊಂಡೆ.

"ಇಬ್ಬರಲ್ಲಿ ದೊಡ್ಡವನು ಯಾರು?"

"ನಮ್ಮವನು, ಅಪ್ಪ."

"ಹಾಗಾದ್ರೆ ಇದು ತಮ್ಮನ ಮನೆ ಮದುವೆ. ಅಣ್ಣನ ಮನೆಯವರು ಹೋಗದೆ ಇದ್ರೆ ಚೆನ್ನಾಗಿರುತ್ತಾ?"

ನಾನು ಅಡುಗೆಮನೆಗೆ ಹೋಗಿ ಅತ್ತುಬಂದೆ. ಮೇ ತಿಂಗಳಲ್ಲಿ ಅಪ್ಪ ಹೊಸ ಕೋಟು ಹಾಕಿಕೊಂಡು ನನ್ನ ಕೈಹಿಡಿದು ಚರ್ಚಿನೊಳಗೆ ನಡೆಸಿದರು. ಮಾನ್ಯರೇ, ಇಲ್ಲಿಂದ ನನ್ನ ಎರಡನೆಯ ದೂರು ಶುರು. ಅಂದಿನಿಂದ ಅವರು ಅಣ್ಣನ ಮನೆಯ ಹಕ್ಕಿನಿಂದ ಸಾಂಸೂಸಿಗಳ ಮನೆಗೆಲ್ಲ ಕರೆಯದೆ ಹೋಗಿ, ಪಾಕ ಎಷ್ಟು ಕಾಯಿಸಬೇಕು, ಸೊಸೆಯಂದಿರು ಎಷ್ಟು ಗಂಟೆಗೆ ಏಳಬೇಕು ಎಂದು ಬುದ್ಧಿ ಹೇಳುತ್ತಿದ್ದಾರೆ. ರೋಜೇರ್ ಪಾಪ, ಹೆಸರಿಗೆ ತಕ್ಕಂತೆ ನಗುತ್ತಾನೆ. ಅವನ ಅಕ್ಕ ನಗುವುದಿಲ್ಲ. ಆದ್ದರಿಂದ ತಾವು ಮುನ್ನೂರು ವರ್ಷ ಹಿಂದಕ್ಕೆ ಹೋಗಿ, ಆ ಇಬ್ಬರು ಮಕ್ಕಳು ಒಂದೇ ಗಳಿಗೆಯಲ್ಲಿ ಹುಟ್ಟುವಂತೆ ಏರ್ಪಾಟು ಮಾಡಬೇಕಾಗಿ ಕೈಮುಗಿದು ಬೇಡುತ್ತೇನೆ.

ಎರಡೂ ಕಡೆಯಿಂದ ತಮ್ಮ ಮನೆಯವಳೇ ಆದ ವಿಶ್ವಾಸಿ,
ಓದಿಲ್ ಗಿಲ್ಬೋ

ಮರೆತ ಮಾತು: ತಮ್ಮ ಮೂರನೆಯ ಮಗ ಮತ್ತೊಂದು ಅಡ್ಡಹೆಸರು ಹಿಡಿದು ಆಚೆ ದಡಕ್ಕೆ ಹೋದನೆಂದು ಗೊತ್ತಾಗಿದೆ. ಆ ಹೆಸರನ್ನು ದಯವಿಟ್ಟು ಬಾಯಿಬಿಡಬೇಡಿ. ಅಪ್ಪ ಈಗಾಗಲೇ ದೋಣಿಯ ವೇಳೆ ವಿಚಾರಿಸುತ್ತಿದ್ದಾರೆ.