ಬೆಣ್ಣೆಹಣ್ಣಿನ ಮಾಟ

ಆಳಂದ ತಾಲ್ಲೂಕಿನ ಅರ್ಧ ತೊಗರಿಯನ್ನು ಬೂಸಿನಿಂದ ಬರುವ ನೆಟೆ ರೋಗದಿಂದ ಕಾಪಾಡಿದ ವೀರ ನಾನು! ಬೀಜ, ಗೊಬ್ಬರ, ಔಷಧದ ಅಂಗಡಿಯ ಜಗದೇವಪ್ಪ ಎಂದರೆ ಬಸ್ ಸ್ಟ್ಯಾಂಡಿನ ಕತ್ತೆಗೂ ಗೊತ್ತು. ಅಂಥವನ ಹೊಟ್ಟೆಯಲ್ಲೇ ಬೂಸು ಬೆಳೆದಿದೆ ಎಂದು ಸೊಲ್ಲಾಪುರದ ನಿಸರ್ಗ ಚಿಕಿತ್ಸೆಯ ಡಾಕ್ಟರು ಹೇಳಿದರೆ ನನ್ನ ಮಾನ ಎಲ್ಲಿ ಉಳಿಯಬೇಕು?

"ಕ್ಯಾಂಡಿಡಾ ಅಂತ ಅದರ ಹೆಸರು. ಸಕ್ಕರೆಯೇ ಅದರ ಊಟ. ಸಕ್ಕರೆ, ಬೆಲ್ಲ, ಬ್ರೆಡ್ಡು ಎಲ್ಲಾ ಬಿಡಿ. ಬೆಣ್ಣೆಹಣ್ಣು, ಅದೇ ಅವಕಾಡೊ, ತಿನ್ನಿ" ಎಂದರು ಡಾಕ್ಟರು.

ವಾಪಸ್ ಬರುವ ಬಸ್ಸಿನಲ್ಲೇ ಕಿಟಕಿಯ ಸರಳು ಹಿಡಿದು ಪ್ರತಿಜ್ಞೆ ಮಾಡಿದೆ. ಇನ್ನು ಈ ನಾಲಿಗೆಗೆ ಸಕ್ಕರೆಯ ಒಂದು ಹರಳೂ ಸೋಕಕೂಡದು! ತೊಗರಿಯ ಬೂಸು ಕೊಂದವನು ಹೊಟ್ಟೆಯ ಬೂಸಿಗೆ ಹೆದರುತ್ತೇನೆಯೇ?

ನನ್ನ ಹೆಂಡತಿ ಕಸ್ತೂರಿಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಬರೂ ಸ್ವಾಮವಾರ ಗೊಬ್ಬೂರ ಬೀಗರು ನಮ್ಮ ಮಹಾನಂದಾಗ ಮದುವಿ ಗಟ್ಟಿ ಮಾಡೂ ಸಕ್ರಿ ತಗೊಂಡು ಬರಾಕತ್ತಾರ. ನೀವು ಸಕ್ರಿ ಬಿಟ್ಟೇನಿ ಅಂತ ಕೂತೀರಿ! ಬೀಗರ ಕೈಯಿಂದ ಬಾಯಿಗೆ ಸಕ್ರಿ ಹಾಕಸ್ಕೊಳ್ಳಲಿಲ್ಲಂದ್ರ ಸಂಬಂಧ ಒಲ್ಲೆ ಅಂದಂಗ. ಖಬರ್ ಅದ ಇಲ್ಲ?"

"ಅದಕ್ಕೂ ನನ್ನ ಹತ್ರ ಉಪಾಯ ಅದ ಬಿಡ. ದವಡ್ಯಾಗ ಹಿಡಕೊಂಡು ಹಿತ್ತಲಕ್ಕ ಹೋಗಿ ಉಗುಳಿ ಬರ್ತೇನಿ."

"ಮಗಳ ಸಕ್ರಿ ಉಗುಳೂ ಅಪ್ಪನ್ನ ಇವತ್ತೇ ನೋಡಿದೆ ನೋಡ್ರಿ ನಾ!"

ಅಷ್ಟರಲ್ಲಿ ಅವಳ ಕಣ್ಣು ನನ್ನ ಚೀಲದ ಮೇಲೆ ಬಿತ್ತು. ಹಸಿರಾಗಿ ಮಿಂಚುವ, ಕಲ್ಲಿನಂಥ ಬೆಣ್ಣೆಹಣ್ಣುಗಳು. ಒಂದನ್ನು ಕಚ್ಚಿ ನೋಡಿದಳು, ಅಂಗಳಕ್ಕೆ ಉಗುಳಿದಳು.

"ಥೂ! ಇದು ಹಣ್ಣೋ, ಬಟ್ಟಿ ಒಗಿಯೂ ಸಬಕಾರೋ? ಮೊದಲ ತಿಪ್ಪಿಗೆ ಒಗೀರಿ!"

"ಒಗೆದೆ" ಎಂದೆ. ಒಗೆಯಲಿಲ್ಲ. ಹಳೆಯ ಕೊಡೆಯ ಕಪ್ಪು ಬಟ್ಟೆಯಲ್ಲಿ ಕಟ್ಟಿ, ಕತ್ತಲಕೋಣೆಯ ಜೋಳದ ಚೀಲದ ಆಳಕ್ಕೆ ಇಳಿಸಿದೆ. ಕಾಳಿನ ಕಾವಿನಲ್ಲಿ ಹಣ್ಣಾಗುತ್ತದೆ, ಅಲ್ಲಿಯವರೆಗೆ ಮುಟ್ಟಬೇಡಿ ಎಂದು ಹಣ್ಣಿನ ಅಂಗಡಿಯವನು ಹೇಳಿದ್ದ.

ಸಕ್ಕರೆ ಬಿಟ್ಟವನ ತಲೆ ಏನಾಗುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ! ಕಿವಿಯಲ್ಲಿ ಜೀರುಂಡೆ ಕೂಗತೊಡಗಿತು. ಗೋಡೆಯ ಮೇಲಿನ ಹಲ್ಲಿ ನನ್ನನ್ನೇ ನೋಡಿ ಲೊಚಗುಟ್ಟುತ್ತಿದೆ ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಕರೆಂಟು ಹೋದಾಗ ಹಣ್ಣು ನೋಡಲೆಂದು ಕತ್ತಲಕೋಣೆಗೆ ಹೋದೆ. ಚೀಲದ ಬಾಯಿ ನಾನು ಕಟ್ಟಿದ ಹಾಗೆಯೇ ಇತ್ತು. ಬಿಚ್ಚಿ ಕೈ ಇಳಿಸಿದೆ. ಜೋಳ ತಣ್ಣಗಿತ್ತು. ಮೊಣಕೈವರೆಗೆ ಇಳಿಸಿದೆ, ಭುಜದವರೆಗೆ ಇಳಿಸಿದೆ. ಗಂಟೇ ಇಲ್ಲ! ಬೆನ್ನ ಹಿಂದೆ ಯಾರೋ ಉಸಿರೆಳೆದುಕೊಂಡ ಸದ್ದು. ತಿರುಗಿದರೆ ಯಾರೂ ಇಲ್ಲ, ಬಾಗಿಲು ಮಾತ್ರ ಮೆಲ್ಲಗೆ ಅಲುಗುತ್ತಿತ್ತು. ಯಾರನ್ನು ಕೇಳುವುದು? ತಿಪ್ಪೆಗೆ ಒಗೆದವನು ಚೀಲದಲ್ಲಿ ಹುಡುಕುವುದೇಕೆ?

ಮರುದಿನ ದೀಪ ಹಚ್ಚುವ ಹೊತ್ತಿಗೆ ಅಂಗಡಿಯಿಂದ ಬಂದರೆ ಹೊಸ್ತಿಲ ಮೇಲೆ ಒಂದು ವಸ್ತು. ಕರ್ರಗೆ, ಸುಕ್ಕುಗಟ್ಟಿ, ಮುಷ್ಟಿಯಷ್ಟು ದಪ್ಪ. ಮೈತುಂಬ ಜಾಲಿಮುಳ್ಳು ಚುಚ್ಚಿತ್ತು. ಸುತ್ತ ಕುಂಕುಮ, ಕೊಯ್ದ ನಿಂಬೆಹಣ್ಣು. ಹೆಬ್ಬೆರಳಿನಿಂದ ಒತ್ತಿದೆ. ಮಾಂಸದ ಹಾಗೆ ಮೆತ್ತಗೆ ಒಳಗೆ ಹೋಯಿತು, ಮುಳ್ಳಿನ ಬುಡದಿಂದ ಹಸಿರು ರಸ ಜಿನುಗಿತು!

ಜಾಣರಾದ ನಿಮಗೆ ಇಷ್ಟರಲ್ಲಿ ಹೊಳೆದಿರಬಹುದು. ಸಕ್ಕರೆಯಿಲ್ಲದ ನನ್ನ ತಲೆಗೆ ಹೊಳೆಯಲಿಲ್ಲ. ನಾನು ಬಚ್ಚಿಟ್ಟದ್ದು ಹಸಿರು ಹಣ್ಣು, ಇದು ಕರಿಯ ಪಿಂಡ! ಗೊಬ್ಬೂರಿನಂಥ ಸಂಬಂಧ ಕೂಡಿ ಬಂದದ್ದು ಸಹಿಸದೆ ಯಾರೋ ಮಾಟ ಮಾಡಿದ್ದಾರೆ. ಬೀಗರ ಕಿವಿಗೆ ಬಿದ್ದರೆ ಆ ಮನೆಯ ಹೆಣ್ಣು ತರುವುದೇ ಬೇಡ ಅಂದಾರು. ಕಸ್ತೂರಿಗೆ ಹೇಳಿದರೆ ಎದೆ ಒಡೆದುಕೊಂಡಾಳು. ಕೊರಳಿನ ಲಿಂಗದ ಕರಡಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಆ ಪಿಂಡವನ್ನು ಪೇಪರಿನಲ್ಲಿ ಎತ್ತಿಕೊಂಡು ಹೋಗಿ, ಹಿತ್ತಲ ಬೇವಿನ ಬುಡದಲ್ಲಿ ಹೂಳಿ ಬಂದೆ.

ಮರುದಿನ ಸಂಜೆ ಮತ್ತೆ ಹೊಸ್ತಿಲ ಮೇಲೆ ಅದೇ ಕಪ್ಪು, ಅದೇ ಸುಕ್ಕು, ಅದೇ ಮುಳ್ಳು! ಹೂಳಿದ್ದು ಎದ್ದು ಬಂದಿತ್ತು, ಶಿವನೇ! ಮತ್ತೆ ಎತ್ತಿದೆ, ಮತ್ತೆ ಹೂಳಿದೆ. ಎತ್ತುವಾಗ ಕಿಟಕಿಯ ಹಿಂದಿನಿಂದ ಯಾರೋ ಅದುಮಿ ಹಿಡಿದ ದನಿಯಲ್ಲಿ ಅತ್ತಂತಾಯಿತು.

ಮನೆಯೊಳಗೆ ಇನ್ನೂ ವಿಚಿತ್ರ. ಕಸ್ತೂರಿ ನನ್ನ ಮುಖ ನೋಡುವುದನ್ನೇ ಬಿಟ್ಟಳು. ರೊಟ್ಟಿಯನ್ನು ದೂರದಿಂದಲೇ ತಾಟಿಗೆ ಸರಿಸಿದಳು. ನನ್ನ ತಲೆದಿಂಬಿನ ಕೆಳಗೆ ವಿಭೂತಿ ಗಟ್ಟಿ ಸಿಕ್ಕಿತು.

"ಏನಾಗ್ಯಾದ ನಿನಗ?"

"ಏನಿಲ್ರಿ. ನಿಮಗ?"

"ನನಗೇನಾಗ್ಯಾದ? ಏನಿಲ್ಲ."

ಸೋಮವಾರ ಬಂತು. ಜಮಖಾನೆಯ ಮೇಲೆ ಬೀಗ ಮಲ್ಲಣ್ಣ, ಬೀಗತಿ ಸುಭದ್ರಾಬಾಯಿ. ಬಾಗಿಲ ಹತ್ತಿರ ಪಕ್ಕದ ಮನೆಯ ಚಾಂದಬೀ, ನಮ್ಮ ಓಣಿಯ ಮಕ್ಕಳಿಗೆಲ್ಲ ದೃಷ್ಟಿ ತೆಗೆಯುವವಳು. ಮಹಾನಂದಾ ಹೊಸ ಸೀರೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಈ ಕೂಸು ನಾಳೆ ಈ ಮನೆಯಲ್ಲಿ ಇರುವುದಿಲ್ಲವಲ್ಲ ಎಂದುಕೊಂಡೆ.

ಸುಭದ್ರಾಬಾಯಿ ಚಿಟಿಕೆ ಸಕ್ಕರೆ ಎತ್ತಿದರು. "ಬಾಯಿ ತೆರೀರಿ ಬೀಗರ."

ದವಡೆಯ ಉಪಾಯ ನೆನೆಯುತ್ತ ಬಾಯಿ ತೆರೆಯಹೊರಟೆ. ಆಗ ಅವರ ಹೆಗಲಾಚೆ ಹೊಸ್ತಿಲು ಕಂಡಿತು. ಹಾಡುಹಗಲು, ಅಷ್ಟು ಜನರ ನಡುವೆ ಅದು ಬಂದು ಕೂತಿತ್ತು! ಮೈಯೆಲ್ಲ ಬೇವಿನ ಬುಡದ ಮಣ್ಣು!

ನನ್ನ ಹಲ್ಲು ಕಚ್ಚಿಕೊಂಡವು. ಸಕ್ಕರೆ ತುಟಿಗೆ ಬಡಿದು ಅಂಗಿಯ ಮೇಲೆಲ್ಲ ಚೆಲ್ಲಿತು.

ಮಲ್ಲಣ್ಣ ಹೆಗಲಿನ ಟವೆಲ್ಲು ಝಾಡಿಸಿ ಎದ್ದು ನಿಂತರು. "ಸಂಬಂಧ ಮನಸಿಗಿಲ್ಲಂದ್ರ ಮೊದಲೇ ಹೇಳಬೇಕಿತ್ರಿ ಜಗದೇವಪ್ಪ."

"ಅವರಲ್ರಿ ಅದು!" ಕಸ್ತೂರಿ ಗೊಳೋ ಎಂದಳು. "ಅವರ ಮೈಯಾಗ ಬ್ಯಾರೆ ಯಾರೋ ಹೊಕ್ಕಾರ! ಜೋಳದ ಚೀಲದಾಗ ಕರೀ ಅರಬ್ಯಾಗ ಕಟ್ಟಿದ ಮಾಟದ ಗಂಟು ಸಿಕ್ಕಿತ್ರಿ, ಒಳಗ ಕರೀ ಪಿಂಡಗಳು. ದಿನಾ ಒಂದಕ್ಕ ಮುಳ್ಳು ಚುಚ್ಚಿ ಹೊಸ್ತಿಲಕ್ಕ ಇಡು, ಮಾಟ ಮಾಡಿದಾಂವ ತಾನೇ ಬಂದು ಎತ್ತತಾನ ಅಂದಳು ಚಾಂದಬೀ. ಕಿಡಕ್ಯಾಗ ನಿಂತು ನೋಡಿದ್ರ ಎತ್ತಿದ್ದು ಇವರೇರಿ! ತನ್ನ ಮಗಳಿಗೆ ತಾನೇ ಯಾರಾದ್ರೂ ಮಾಟ ಮಾಡ್ತಾರೇನ್ರಿ?"

"ನೀನೇ ಇಟ್ಟಿದ್ದೇನು ಅದನ್ನ?" ನಾನು ಚೀರಿದೆ. "ಮತ್ತ ಈಗ ಇಟ್ಟಾರ ಯಾರು?"

ಕಸ್ತೂರಿ ಹೊಸ್ತಿಲ ಕಡೆ ತಿರುಗಿದಳು. ಅದನ್ನು ಕಂಡವಳೇ ಕಿಟಾರನೆ ಕಿರುಚಿ ಬಂದು ಮೈಯಲ್ಲಿ ಬ್ಯಾರೆಯವರು ಹೊಕ್ಕ ನನ್ನನ್ನೇ ತಬ್ಬಿಕೊಂಡಳು!

ಅಷ್ಟರಲ್ಲಿ ಬಾಗಿಲ ಮರೆಯಿಂದ ಓಣಿಯ ನಾಯಿ ಇಣುಕಿತು. ಮೂಗಿನ ಮೇಲೆ ಬೇವಿನ ಬುಡದ ಮಣ್ಣು. ಹೊಸ್ತಿಲ ಮೇಲಿನ ಮಾಟವನ್ನು ನೆಕ್ಕಿ ಬಾಲ ಅಲ್ಲಾಡಿಸಿತು. ಸಿಪ್ಪೆ ಬಿಚ್ಚಿ ಒಳಗಿನ ಹಸಿರು ತಿರುಳು, ಗುಂಡು ಬೀಜ ಕಂಡವು.

ಮಹಾನಂದಾ ಮೊದಲ ಸಲ ತಲೆ ಎತ್ತಿದಳು. "ಅಪ್ಪಾ, ಇದು ನೀವು ಸೊಲ್ಲಾಪುರದಿಂದ ತಂದ ಹಣ್ಣಲ್ಲೇನು? ಹಣ್ಣಾಗಿ ಕರ್ರಗಾಗ್ಯಾದ."

ಎಲ್ಲರ ಕಣ್ಣು ನನ್ನ ಮೇಲೆ ಬಿದ್ದವು. ಕಸ್ತೂರಿ ನನ್ನನ್ನು ಬಿಟ್ಟು ದೂರ ಸರಿದಳು.

"ಒಗೆದೆ ಅಂದಿದ್ದಿರಲ್ರಿ?"

"ಒಗೆದಿದ್ದೆ..." ನಾನು ಅಂಗಿಯ ಮೇಲಿನ ಸಕ್ಕರೆ ಕೊಡವಿದೆ. "ಜೋಳದ ಚೀಲದಾಗ ಒಗೆದಿದ್ದೆ."

ಮಲ್ಲಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತ ಮತ್ತೆ ಜಮಖಾನೆಯ ಮೇಲೆ ಕುಸಿದರು. ಸುಭದ್ರಾಬಾಯಿ ಮಾತ್ರ ನಗಲಿಲ್ಲ. ಈ ಸಲ ಚಿಟಿಕೆ ಬಿಟ್ಟು ಮುಷ್ಟಿ ತುಂಬ ಸಕ್ಕರೆ ಎತ್ತಿದರು.

"ಈಗ ತೆರೀರಿ ಬೀಗರ. ನುಂಗಿದ ಮ್ಯಾಲ ನಾಲಿಗಿ ತೋರಸ್ರಿ."

ನುಂಗಿದೆ. ಚಾಚಿ ತೋರಿಸಿದೆ. ಕಣ್ಣಲ್ಲಿ ದಳದಳ ನೀರು ಬಂತು. ಸಂಬಂಧ ಉಳಿಯಿತೆಂದೋ, ಅಷ್ಟು ದಿನದ ಮೇಲೆ ಸಕ್ಕರೆ ಸಿಕ್ಕಿತೆಂದೋ ಇಂದಿಗೂ ಹೇಳಲಾರೆ. ಹೊಟ್ಟೆಯೊಳಗಿನ ಬೂಸು ಮಾತ್ರ ಆ ದಿನ ಹಬ್ಬ ಮಾಡಿರಬೇಕು!

ಎಲ್ಲರೂ ನಗುತ್ತಿರುವಾಗ ಚಾಂದಬೀ ಒಬ್ಬಳೇ ಗಂಭೀರವಾಗಿ ಎದ್ದು, ಸೆರಗು ತಲೆಯ ಮೇಲೆ ಎಳೆದುಕೊಂಡು, ನನ್ನ ಕಡೆ ಬೆರಳು ತೋರಿಸಿದಳು.

"ನಗಬ್ಯಾಡ ಬೇ ಕಸ್ತೂರಿಬಾಯಿ. ಮಾಡಿದಾಂವ ತಾನೇ ಬಂದು ಎತ್ತತಾನ ಅಂತ ನಾ ಹೇಳಿದ್ದಿಲ್ಲೇನು?"